ನಲವತ್ತಮೂರನೇ ಪುಟದ ಗೀಟು

ಕಾರೈಕುಡಿಯ ನಮ್ಮ ಸರ್ಕಾರಿ ಕಾಲೇಜಿನ ಗೇಟು ದಾಟಿ ರಸ್ತೆಗೆ ಬಂದರೆ, ಪರೋಟಾ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಆರು ಅಡಿ ಅಗಲದ ಒಂದು ಜೆರಾಕ್ಸ್ ಅಂಗಡಿ ಇದೆ. ಅದರ ಒಡತಿ ವಡಿವಾಂಬಾಳ್. ನಮಗೆಲ್ಲ ವಡಿವಕ್ಕ. ನಾನು ಮೂರು ವರ್ಷ ಆ ಕಾಲೇಜಿನಲ್ಲಿ ಬಿ.ಎಸ್ಸಿ. ಗಣಿತ ಓದಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು, ಹಾಗಾಗಿ ಯಾವುದನ್ನು ಹೇಗೆ ಓದಬೇಕೆಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಆ ಕೆಲಸವನ್ನು ಮಾಡಿದವಳು ಕೌಂಟರಿನ ಹಿಂದೆ ನಿಂತಿರುತ್ತಿದ್ದ ವಡಿವಕ್ಕ.

ಆಕೆಗೆ ಪ್ರತಿ ವಿಷಯದ ನೋಟ್ಸೂ ಬಾಯಿಪಾಠ. ಗಣಿತವಲ್ಲ, ಕಾಗದದ ಕಟ್ಟು.

"ಲೀನಿಯರ್ ಆಲ್ಜೀಬ್ರಾನಾ ತಮ್ಮಾ? ಎಂಬತ್ತಾರು ಪುಟ. ಅರವತ್ತೊಂದನೇ ಪುಟದಲ್ಲಿ ಟೀ ಕಲೆ ಇದೆ. ಅದು ನನ್ನ ತಪ್ಪಲ್ಲಪ್ಪ, ಬರೆದೋಳು ಕುಡಿದ ಟೀ."

ಬರೆದವಳು ಪೂಂಗೊಡಿ ಎಂಬ ಹುಡುಗಿ. ಹನ್ನೆರಡು ವರ್ಷದ ಹಿಂದೆ ಇಡೀ ವಿಶ್ವವಿದ್ಯಾಲಯಕ್ಕೇ ಮೊದಲು ಬಂದವಳಂತೆ. ಆಮೇಲೆ ಬಂದ ಪ್ರತಿ ತಂಡವೂ ಪೂಂಗೊಡಿ ನೋಟ್ಸ್ ಓದಿಯೇ ಪಾಸಾಯಿತು. ಮೂಲ ಪುಸ್ತಕ ಅವಳ ಜೊತೆಗೇ ಹೋಯಿತು. ಅಂಗಡಿಯಲ್ಲಿ ಉಳಿದದ್ದು ಅದರ ಪ್ರತಿ. ಅದು ಹರಿದುಹೋದಾಗ ವಡಿವಕ್ಕ ಪ್ರತಿಯ ಪ್ರತಿ ತೆಗೆದಿಟ್ಟಳು. ಬಹಳ ಜಾಣರು ಬರೆದ ನೋಟ್ಸಿನಲ್ಲಿ ಹಂತಗಳಿರುವುದಿಲ್ಲ. ಪೂಂಗೊಡಿಯೂ ಹಾಗೆಯೇ, ಲೆಕ್ಕ ಬರೆದು ಒಂದು ಅಲೆಗೆರೆ ಎಳೆದು ನೇರ ಉತ್ತರಕ್ಕೆ ಹಾರಿಬಿಡುತ್ತಿದ್ದಳು. ನಾವೂ ಅವಳ ಹಿಂದೆ ಹಾರಿದೆವು.

ಡಿಸೆಂಬರಿನ ಒಂದು ಮಧ್ಯಾಹ್ನ ನಾನು ಹೋದಾಗ ವಡಿವಕ್ಕ ಕೈಯಲ್ಲಿ ಒಂದು ಹಾಳೆ ಹಿಡಿದು ಸುಮ್ಮನೆ ನಿಂತಿದ್ದಳು. ಕಾಲೇಜಿನ ಆಫೀಸಿನವರು ನಲವತ್ತು ಪ್ರತಿ ತೆಗೆಯಲು ಕಳಿಸಿದ್ದ ಸುತ್ತೋಲೆ ಅದು. ಹಳೆಯ ವಿದ್ಯಾರ್ಥಿಗಳು ಪಾಸಾಗದೆ ಉಳಿಸಿಕೊಂಡ ಅರಿಯರ್ ಪೇಪರುಗಳನ್ನು ಈ ಏಪ್ರಿಲಿನಲ್ಲಿ ಬರೆಯಬಹುದು, ಈಗಿನ ವಿದ್ಯಾರ್ಥಿಗಳಿಗೆ ಕೊಡುವ ಪ್ರಶ್ನೆಪತ್ರಿಕೆಯೇ ಅವರಿಗೂ, ಇದೇ ಕೊನೆಯ ಅವಕಾಶ ಎಂದಿತ್ತು. ಆಕೆ ನಲವತ್ತೊಂದು ಪ್ರತಿ ತೆಗೆದಿದ್ದಳು.

"ಅಯ್ಯನಾರು, ಒಂದು ಮಾತು ಹೇಳ್ತೀನಿ, ನಗಬಾರದು" ಎಂದಳು. "ನಾನೂ ಇದೇ ಕಾಲೇಜು. ಇದೇ ಬಿ.ಎಸ್ಸಿ. ಎಲ್ಲಾ ಪಾಸು, ಲೀನಿಯರ್ ಆಲ್ಜೀಬ್ರಾ ಒಂದು ಬಿಟ್ಟು. ಮೂರು ಸಲ ಬರೆದೆ. ಮೂವತ್ತೊಂದು, ಇಪ್ಪತ್ತೆಂಟು, ಮೂವತ್ತಮೂರು. ಆಮೇಲೆ ಮದುವೆ, ಮಗು, ಈ ಅಂಗಡಿ. ಹದಿನಾರು ವರ್ಷ ಆಯ್ತು."

"ಈಗ ಬರೀಬೇಕು ಅಂತ ಯಾಕಕ್ಕ?"

ಆಕೆ ಮೆಷಿನ್ನಿನ ಮುಚ್ಚಳ ಒರೆಸುತ್ತ ಹೇಳಿದಳು. ಮಗಳು ಯಾಳಿನಿ ಒಂಬತ್ತನೇ ತರಗತಿ. ಸೇರುವಾಗ ಶಾಲೆಯ ಅರ್ಜಿಯಲ್ಲಿ ತಾಯಿಯ ವಿದ್ಯಾಭ್ಯಾಸ ಎಂಬ ಜಾಗದಲ್ಲಿ ತಾನೇ, ದುಂಡಗಿನ ಅಕ್ಷರದಲ್ಲಿ, 'ಬಿ.ಎಸ್ಸಿ. ಗಣಿತ' ಎಂದು ಬರೆದಿದ್ದಳಂತೆ. "ನಾನೇನು ಸುಳ್ಳು ಹೇಳಿರಲಿಲ್ಲ. ಗಣಿತ ಓದಿದೀನಿ ಅಂದಿದ್ದೆ, ಅಷ್ಟೇ. ಆ ಅರ್ಜೀನ ಇದೇ ಮೆಷಿನ್ನಲ್ಲಿ ನಾನೇ ಜೆರಾಕ್ಸ್ ಮಾಡಿಕೊಟ್ಟೆ. ಬಾಯಿ ಬಿಡಲಿಲ್ಲ. ಅವಳಿಗೆ ಗೊತ್ತಾಗೋ ಮುಂಚೆ ಅದನ್ನ ನಿಜ ಮಾಡಬೇಕು."

ನಮಗೆ ಲೀನಿಯರ್ ಆಲ್ಜೀಬ್ರಾ ಪಾಠ ಹೇಳುತ್ತಿದ್ದವರು ಆರೋಕ್ಯಮೇರಿ ಮೇಡಂ. ಅವರು ಹಿಂದಿನ ಬೆಂಚಿನಲ್ಲಿ ಕೂರಲು ವಡಿವಕ್ಕನಿಗೆ ಒಪ್ಪಿಗೆ ಕೊಟ್ಟರು. ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಯ ಬಾಗಿಲು ಅರ್ಧ ಎಳೆದು, 'ಕ್ಲಾಸಿಗೆ ಹೋಗಿದ್ದೇನೆ' ಎಂದು ಬೋರ್ಡು ತೂಗುಹಾಕಿ ಬರುತ್ತಿದ್ದಳು. ಮೊದಲ ದಿನ ಹುಡುಗರೆಲ್ಲ ಎದ್ದು ನಿಂತರು.

"ಅಕ್ಕ, ಹಾಲ್ ಟಿಕೆಟ್ ಎರಡು ಕಾಪಿ!"

"ಕೂತ್ಕೊಳ್ರೋ. ಇಲ್ಲಿ ನಾನೂ ನಿಮ್ಮ ಥರ ದಡ್ಡಿ" ಎಂದಳು. ಮೇಡಂ ಕೂಡ ನಕ್ಕರು.

ಆ ವಾರ ಪಾಠ ಮ್ಯಾಟ್ರಿಕ್ಸಿನ ರ್‍ಯಾಂಕ್. ಅಂಕಿಗಳ ಸಾಲುಗಳನ್ನು ಒಂದರಿಂದ ಒಂದು ಕಳೆಯುತ್ತ ಹೋಗಬೇಕು, ಸೊನ್ನೆಯಾಗದೆ ಉಳಿದ ಸಾಲೆಷ್ಟೋ ಅದೇ ರ್‍ಯಾಂಕ್. ಲೆಕ್ಕ ಮಾಡುವುದು ನಮಗೆ ತಿಳಿದಿತ್ತು, ಯಾಕೆಂದು ತಿಳಿದಿರಲಿಲ್ಲ. ಮೇಡಂ ಕೇಳಿದರು, "ಒಂದು ಸಾಲು ಸೊನ್ನೆ ಆಯ್ತು ಅಂದ್ರೆ ಏನರ್ಥ?"

ಅರವತ್ತು ಜನ ಡೆಸ್ಕು ನೋಡಿದೆವು. ಹಿಂದಿನಿಂದ ವಡಿವಕ್ಕ ಮೆಲ್ಲಗೆ ಹೇಳಿದಳು. "ಮೇಡಂ, ಅದಕ್ಕೆ ಸ್ವಂತದ್ದು ಏನೂ ಇರಲಿಲ್ಲ ಅಂತ. ಮಿಕ್ಕ ಸಾಲುಗಳಿಂದಲೇ ಜೋಡಿಸಿ ತೆಗೆದ ಜೆರಾಕ್ಸು ಅದು."

ಮೇಡಂ ಸೀಮೆಸುಣ್ಣ ಕೆಳಗಿಟ್ಟರು. "ಹದಿನಾರು ವರ್ಷದ ಹಿಂದೆ ಇದನ್ನ ಹೇಳಿದ್ದರೆ ನಿನ್ನ ಯಾರು ಫೇಲ್ ಮಾಡ್ತಿದ್ರು?"

"ಆಗ ನನ್ನ ಹತ್ರ ಮೆಷಿನ್ ಇರಲಿಲ್ಲವಲ್ಲ ಮೇಡಂ."

ಸಂಜೆ ಅಂಗಡಿಯಲ್ಲಿ ಆಕೆಗೆ ಹೇಳಿಕೊಡುವ ಕೆಲಸ ನನ್ನದಾಯಿತು. ಆಕೆ ನಮ್ಮ ಹಾಗಲ್ಲ. ಹಾಳಾದ ಕಾಗದದ ಬೆನ್ನಿನ ಮೇಲೆ ಮೊದಲು ಗಣಪತಿಯ ಗುರುತಾದ ಪಿಳ್ಳೆಯಾರ್ ಸುಳಿ ಹಾಕಿ, ಒಂದೊಂದು ಲೆಕ್ಕವನ್ನೂ ತಲೆಯಿಂದ ಕಾಲಿನವರೆಗೆ ಮಾಡುತ್ತಿದ್ದಳು. ಗಿರಾಕಿ ಬಂದರೆ ಆಧಾರ್ ಕಾರ್ಡು ಮೆಷಿನ್ನಿಗೆ ಹಾಕಿ, ಅದು ಹೊರಬರುವಷ್ಟರಲ್ಲಿ ಇನ್ನೊಂದು ಸಾಲು ಕಳೆದಿರುತ್ತಿದ್ದಳು. ಜನವರಿಯ ಹೊತ್ತಿಗೆ ನಲವತ್ತೆರಡು ಪುಟ ದಾಟಿದಳು. ನಲವತ್ತಮೂರರಲ್ಲಿ ಸಿಕ್ಕಿಕೊಂಡಳು.

ಚಿಕ್ಕ ಲೆಕ್ಕ. ಮೂರು ಸಾಲು. ಒಂದು, ಒಂದು, ಎರಡು. ಎರಡು, ಮೂರು, ಐದು. ಮೂರು, ಮೈನಸ್ ಎರಡು, ಐದು. ಪೂಂಗೊಡಿ ಅಲೆಗೆರೆ ಎಳೆದು ಕೊನೆಯ ಸಾಲು ಪೂರ್ತಿ ಸೊನ್ನೆ, ರ್‍ಯಾಂಕ್ ಎರಡು ಎಂದು ಬರೆದಿದ್ದಳು. ವಡಿವಕ್ಕನಿಗೆ ಕೊನೆಯಲ್ಲಿ ನಾಲ್ಕು ಉಳಿಯುತ್ತಿತ್ತು. ಏಳು ಸಲ ಮಾಡಿದಳು. ಏಳು ಸಲವೂ ನಾಲ್ಕು.

"ಉತ್ತರ ಎರಡೇ ಅಕ್ಕ. ಪರೀಕ್ಷೆಗೆ ಬಂದಾಗೆಲ್ಲ ಎಲ್ಲರೂ ಎರಡು ಅಂತ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದಾರೆ" ಎಂದೆ.

"ಹಾಗಾದ್ರೆ ನೀನು ಮಾಡಿ ತೋರಿಸು."

ನಾನು ಗಡಿಯಾರ ನೋಡಿ ಬಸ್ಸು ತಪ್ಪುತ್ತದೆ ಎಂದೆ. ನಿಜವಾಗಿ ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು. ಆ ಲೆಕ್ಕವನ್ನು ನಾನು ಒಮ್ಮೆಯೂ ಮಾಡಿರಲಿಲ್ಲ. ಪೂಂಗೊಡಿ ಬರೆದದ್ದನ್ನು ಉರು ಹೊಡೆದಿದ್ದೆ.

ಮರುದಿನ ಹೋದಾಗ ಆಕೆ ಪರೀಕ್ಷೆಯ ಅರ್ಜಿಯನ್ನು ಮಡಿಸಿ ಡ್ರಾಯರಿನೊಳಗೆ ಹಾಕಿದ್ದಳು. ಶುಕ್ರವಾರ ಅರ್ಜಿ ಕೊಡಲು ಕೊನೆಯ ದಿನ. ಅಂದು ಬುಧವಾರ.

"ಬಿಡು ತಮ್ಮಾ. ಅಷ್ಟು ಚಿಕ್ಕ ಲೆಕ್ಕ, ಎಲ್ಲರಿಗೂ ಬರುತ್ತೆ, ನನಗೆ ಬರಲ್ಲ. ಆಗಲೂ ಹೀಗೇ ಆಗ್ತಿತ್ತು. ಯಾಳಿನಿಗೆ ನಾನೇ ಹೇಳಿಬಿಡ್ತೀನಿ." ಮುಖದಲ್ಲಿ ನಗುವಿತ್ತು, ಆದರೆ ಅದು ಗಿರಾಕಿಗಳಿಗೆ ಕೊಡುವ ನಗು.

ಗುರುವಾರ ಬೆಳಿಗ್ಗೆ ನಾನು ಅಂಗಡಿಯ ಮುಂದೆಯೇ ಬಸ್ಸಿಳಿದಾಗ ಅಲ್ಲಿ ಗಲಾಟೆ ನಡೆಯುತ್ತಿತ್ತು. ನಿವೃತ್ತ ಪೋಸ್ಟ್‌ಮ್ಯಾನ್ ರಾಜಕಣ್ಣು ತಾತ ಒಂದು ಹಾಳೆಯನ್ನು ಬೀಸುತ್ತಿದ್ದರು.

"ಏನಮ್ಮಾ ಇದು ನಿನ್ನ ಕೆಲಸ? ಪೆನ್ಷನ್ ಆಫೀಸಿನ ಹುಡುಗಿ ಬಿದ್ದು ಬಿದ್ದು ನಗ್ತಾಳೆ! ನನ್ನ ವಯಸ್ಸು ಮೈನಸ್ ಎಪ್ಪತ್ತೆರಡಂತೆ. ಹುಟ್ಟೋಕೆ ಇನ್ನೂ ಎಪ್ಪತ್ತೆರಡು ವರ್ಷ ಇದೆ, ಆಮೇಲೆ ಬನ್ನಿ ತಾತಾ ಅಂತಾಳೆ!"

ವಡಿವಕ್ಕ ಹಾಳೆ ಇಸಕೊಂಡು ನೋಡಿದಳು. ಎಪ್ಪತ್ತೆರಡರ ಎಡಕ್ಕೆ ಒಂದು ಸಣ್ಣ ಕಪ್ಪು ಗೀಟು. ತಾತ ತಂದಿದ್ದ ಮೂಲದಲ್ಲಿ ಅದಿರಲಿಲ್ಲ. ಆಕೆ ಮುಚ್ಚಳ ಎತ್ತಿ, ಸೆರಗಿನಿಂದ ಗಾಜು ಒರೆಸಿದಳು. ಹೋಗಲಿಲ್ಲ. ಉಗುರಿನಿಂದ ಸವರಿದಳು. ಗಾಜಿನಲ್ಲಿ ಅಕ್ಕಿಕಾಳಿನಷ್ಟು ಉದ್ದದ ಗೀರು, ಅದರೊಳಗೆ ಮಸಿ ಕೂತಿತ್ತು.

"ನಾಲ್ಕು ವರ್ಷದ ಹಿಂದೆ ಯಾರದೋ ಪ್ರಾಜೆಕ್ಟ್ ಪುಸ್ತಕದ ಪಿನ್ನು ಗೀಚಿತ್ತು" ಎಂದಳು. "ಹಾಳೇಲಿ ಒಂದು ಚುಕ್ಕೆ ಬಂದರೆ ಬರಲಿ ಅಂತ ಬಿಟ್ಟಿದ್ದೆ..."

ಬಿಳಿ ಹಾಳೆಯೊಂದನ್ನು ಗಾಜಿನ ಮೇಲಿಟ್ಟು ಗುಂಡಿ ಒತ್ತಿದಳು. ಹೊರಬಂದ ಹಾಳೆಯಲ್ಲಿ ಏನೂ ಇರಲಿಲ್ಲ, ನಡುವಿಗಿಂತ ಸ್ವಲ್ಪ ಕೆಳಗೆ ಒಂದು ಗೀಟು ಬಿಟ್ಟರೆ. ಪೂಂಗೊಡಿ ನೋಟ್ಸಿನಿಂದ ನಲವತ್ತಮೂರನೇ ಪುಟ ಕಿತ್ತುಕೊಂಡು ಬಂದು, ಎರಡನ್ನೂ ಒಂದರ ಮೇಲೊಂದು ಇಟ್ಟು ಬಿಸಿಲಿಗೆ ಹಿಡಿದಳು. ಗೀಟು ಹೋಗಿ ಮೂರನೇ ಸಾಲಿನ ಎರಡರ ಎಡಕ್ಕೆ ಸರಿಯಾಗಿ ಕೂತಿತು.

"ಅಯ್ಯನಾರು! ಮೈನಸ್ ಎರಡಲ್ವೋ ಇದು! ಬರೀ ಎರಡು!"

ರಾಜಕಣ್ಣು ತಾತನ ಹಾಳೆಯ ಬೆನ್ನಿನ ಮೇಲೆಯೇ ಲೆಕ್ಕ ಶುರುವಾಯಿತು. ಮೂರನೇ ಸಾಲಿನಿಂದ ಮೊದಲನೆಯದರ ಮೂರು ಪಟ್ಟು ಕಳೆದಳು. ಎರಡನೇ ಸಾಲಿನಿಂದ ಎರಡು ಪಟ್ಟು ಕಳೆದಳು. ಉಳಿದ ಎರಡನ್ನು ಕೂಡಿಸಿದಳು. ಸೊನ್ನೆ, ಸೊನ್ನೆ, ಸೊನ್ನೆ. ತಾತ ಬಗ್ಗಿ ನೋಡಿ, "ಇಷ್ಟೆಲ್ಲಾ ಬರೆದು ಕೊನೆಗೆ ಏನೂ ಇಲ್ವಾ?" ಎಂದರು.

"ಇದೇ ತಾತಾ ಬೇಕಾಗಿದ್ದಿದ್ದು! ಕೂತ್ಕೊಳ್ಳಿ, ನಿಮ್ಮನ್ನ ಈಗಲೇ ಹುಟ್ಟಿಸ್ತೀನಿ" ಎಂದು ಆಕೆ ಅವರ ಕಾಗದವನ್ನು ಎರಡು ಬೆರಳು ಸರಿಸಿ ಇಟ್ಟು ಹೊಸ ಪ್ರತಿ ತೆಗೆದುಕೊಟ್ಟಳು.

ತಾತ ಹೋದಮೇಲೆ ನನ್ನ ಕಡೆ ತಿರುಗಿದಳು. "ಅಲ್ವೋ, ನಾಲ್ಕು ವರ್ಷದಲ್ಲಿ ಈ ಪುಟ ಇನ್ನೂರು ಇನ್ನೂರೈವತ್ತು ಜನಕ್ಕೆ ಕೊಟ್ಟಿದೀನಿ. ಒಬ್ಬರಾದರೂ ಬಂದು ಅಕ್ಕ, ಇದು ಬರ್ತಿಲ್ಲ ಅನ್ನಲಿಲ್ಲ. ಅಂದ್ರೆ..."

"ಯಾರೂ ಮಾಡಿ ನೋಡಿಲ್ಲ" ಎಂದೆ. "ನಾನೂ."

ಬೈಯುತ್ತಾಳೆಂದುಕೊಂಡೆ. ಆಕೆ ಜೋರಾಗಿ ನಗತೊಡಗಿದಳು. ಪರೋಟಾ ಅಂಗಡಿಯವನು ಏನಾಯಿತೆಂದು ಇಣುಕಿದ. ಆಮೇಲೆ ಡ್ರಾಯರು ಎಳೆದು ಅರ್ಜಿ ತೆಗೆದು, ಮಡಿಕೆಯನ್ನು ಕೈಯಿಂದ ತೀಡಿ ನೇರ ಮಾಡಿದಳು. ಅದನ್ನು ಆಫೀಸಿಗೆ ಕೊಟ್ಟೇ ಹನ್ನೊಂದರ ಕ್ಲಾಸಿಗೆ ಬಂದಳು.

ಅಂಗಡಿಯ ಗೋಡೆಯ ಮೇಲೆ ಅಂದೇ ಒಂದು ಕಾಗದ ಅಂಟಿತು. 'ಪೂಂಗೊಡಿ ನೋಟ್ಸ್, ಪುಟ 43: ಮೈನಸ್ ಗಣಿತದ್ದಲ್ಲ, ನನ್ನ ಮೆಷಿನ್ನಿನದು. ತಗೊಂಡವರು ತಿದ್ದಿಕೊಳ್ಳಿ.' ಸುದ್ದಿ ಆರೋಕ್ಯಮೇರಿ ಮೇಡಂ ಕಿವಿಗೆ ಬಿತ್ತು. ಕ್ಲಾಸಿಗೆ ಬಂದವರೇ ಹಲಗೆಯ ಮೇಲೆ ಅರವತ್ತು ಸಾಲಿನ ಮ್ಯಾಟ್ರಿಕ್ಸ್ ಇದೆಯೆಂದುಕೊಳ್ಳಿ ಎಂದರು.

"ಒಬ್ಬೊಬ್ಬರೂ ಒಂದೊಂದು ಸಾಲು. ಎಲ್ಲರೂ ಬರೆಯೋದು ಪೂಂಗೊಡೀದೇ. ಮೊದಲನೇ ಸಾಲನ್ನ ಮಿಕ್ಕಿದ್ದರಿಂದ ಕಳೀರಿ. ಏನುಳೀತು?"

"ಸೊನ್ನೆ ಮೇಡಂ."

"ಈ ಕ್ಲಾಸಿನ ರ್‍ಯಾಂಕ್?"

"ಒಂದು ಮೇಡಂ" ಎಂದೆವು, ತಲೆ ತಗ್ಗಿಸಿ.

"ಡಿಸೆಂಬರಿಂದ ಎರಡು" ಎಂದು ಹಿಂದಿನ ಬೆಂಚಿನ ಕಡೆ ನೋಡಿದರು. ವಡಿವಕ್ಕ ನಾಚಿಕೊಂಡು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು.

ಆ ದಿನದಿಂದ ನಾನೂ ಒಂದನೇ ಪುಟದಿಂದ ಲೆಕ್ಕ ಮಾಡತೊಡಗಿದೆ. ಕಷ್ಟವಾಯಿತು. ಹೇಳಿಕೊಡುವವನು ನಾನೋ ಆಕೆಯೋ ಎಂಬುದು ಮಾರ್ಚಿನ ಹೊತ್ತಿಗೆ ಗೊತ್ತಾಗದಂತಾಗಿತ್ತು.

ಏಪ್ರಿಲಿನ ಪರೀಕ್ಷೆಗೆ ನಲವತ್ತಮೂರನೇ ಪುಟದ ಲೆಕ್ಕ ಬರಲಿಲ್ಲ. ನಾಲ್ಕು ಸಾಲಿನ ಹೊಸ ಲೆಕ್ಕವೊಂದು ಬಂತು. ಮುಗಿಸಿ ಹೊರಬಂದಾಗ ಬೇವಿನ ಮರದ ಕೆಳಗೆ ಎಲ್ಲರೂ ಮುತ್ತಿಕೊಂಡಿದ್ದರು.

"ಅಕ್ಕ, ಕೊನೇ ಸಾಲು ಎಷ್ಟು ಬಂತು?" ಎಂದೆ.

"ಏಳು."

"ನಂಗೂ ಏಳೇ!"

"ಸೊನ್ನೆ ಬರಬೇಕಲ್ವಾ ಅಕ್ಕ?" ಒಬ್ಬ ಹುಡುಗಿ ಗಾಬರಿಯಾದಳು. "ನಾನು ಏಳನ್ನ ಹೊಡೆದುಹಾಕಿ ಸೊನ್ನೆ ಮಾಡಿಬಿಟ್ಟೆ."

"ಬರಬೇಕು ಅಂತ ಯಾರೇ ಹೇಳಿದ್ದು ನಿಂಗೆ? ಮೊದಲಾಗಿದ್ರೆ ನಾನೂ ಹೊಡೆದುಹಾಕ್ತಿದ್ದೆ. ಎರಡು ಸಲ ಮಾಡಿದೆ, ಎರಡು ಸಲವೂ ಏಳು. ಇರಲಿ ಬಿಡು ಅಂತ ಬಿಟ್ಟೆ" ಎಂದಳು ವಡಿವಕ್ಕ.

ಜೂನ್ ಕೊನೆಯಲ್ಲಿ ಅಂಕಪಟ್ಟಿ ಬಂತು. ಪಾಸಾಗಲು ನಲವತ್ತು ಸಾಕಿತ್ತು. ಆಕೆಗೆ ಅರವತ್ತೊಂದು. ಆಫೀಸಿನಿಂದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಲಾರಿಗಳನ್ನು ನಿಲ್ಲಿಸಿ ರಸ್ತೆ ದಾಟಿಕೊಂಡು ಬಂದಳು. ಅಂಗಡಿಯಲ್ಲಿ ನಾನು ಕಾಯುತ್ತಿದ್ದೆ, ಆಗಷ್ಟೇ ಶಾಲೆ ಬಿಟ್ಟು ಬಂದ ಯಾಳಿನಿ ಪಣಿಯಾರ ತಿನ್ನುತ್ತಿದ್ದಳು. ವಡಿವಕ್ಕ ಅವಳಿಗೆ ಏನೂ ಹೇಳದೆ ಮುಚ್ಚಳ ಎತ್ತಿ, ಅಂಕಪಟ್ಟಿ ಇಟ್ಟು, ಗುಂಡಿ ಒತ್ತಿದಳು. ಬೆಚ್ಚಗಿನ ಪ್ರತಿ ಹೊರಗೆ ಜಾರಿತು. ಯಾಳಿನಿ ಎಣ್ಣೆಗೈ ಲಂಗಕ್ಕೆ ಒರೆಸಿಕೊಂಡು ಎತ್ತಿಕೊಂಡಳು.

"ವಡಿವಾಂಬಾಳ್... ಅಮ್ಮಾ, ಇದು ನಿಂದಾ? ಲೀನಿಯರ್ ಆಲ್ಜೀಬ್ರಾ... ಮೈನಸ್ ಅರವತ್ತೊಂದು?" ಅವಳ ಕಣ್ಣು ಅಗಲವಾದವು. "ಸೊನ್ನೆಗಿಂತ ಕಮ್ಮಿ ತೆಗೆಯೋಕೂ ಆಗುತ್ತಾ? ಅಲ್ಲ, ಇದು ಈ ವರ್ಷದ್ದು! ನೀನು ಆಗಲೇ ಬಿ.ಎಸ್ಸಿ. ಅಲ್ವಾ?"

ವಡಿವಕ್ಕ ಪ್ರತಿ ನೋಡಿದಳು, ಗಾಜು ನೋಡಿದಳು, ನನ್ನನ್ನು ನೋಡಿದಳು. ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ.

"ಇವತ್ತಿಂದ ಹೌದು ಕಣೇ" ಎಂದು ಮಗಳ ತಲೆ ಸವರಿದಳು. "ನೀನು ಅರ್ಜೀಲಿ ಬರೆದಿದ್ದೆಯಲ್ಲ, ಅದನ್ನ ನಿಜ ಮಾಡೋಕೆ ಹದಿನಾರು ವರ್ಷ ತಡ ಆಯ್ತು, ಅಷ್ಟೇ. ಎಲ್ಲಾ ಹೇಳ್ತೀನಿ, ಮೊದಲು ಕೈ ತೊಳ್ಕೋ."

ಯಾಳಿನಿ ಕೈ ತೊಳೆಯಲು ಓಡಿದಳು. ವಡಿವಕ್ಕ ಅಂಕಪಟ್ಟಿಯನ್ನು ಎರಡು ಬೆರಳಿನಷ್ಟು ಬಲಕ್ಕೆ ಸರಿಸಿ, ಮುಚ್ಚಳ ಮುಚ್ಚಿ, ಮತ್ತೊಮ್ಮೆ ಗುಂಡಿ ಒತ್ತಿದಳು.