ತುಳಸಮ್ಮನ ಸಬ್ಬಸಿಗೆ ಪಾತಿ

ತುಳಸಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಎನ್.ಆರ್. ಕಾಲೋನಿಯಲ್ಲಿ ಅವರಿಗೆ ಎದುರಾಡಿದವರು ಕಡಿಮೆ. ಎದುರಾಡಿ ಗೆದ್ದವರಂತೂ ಇಲ್ಲವೇ ಇಲ್ಲ. ಬೀದಿಯಲ್ಲಿ ಯಾರು ಬಾಣಂತಿಯಾದರೂ ಅವರ ಹಿತ್ತಲಿನ ಸಬ್ಬಸಿಗೆ ಸೊಪ್ಪು ಆ ಮನೆಗೆ ಹೋಗಲೇಬೇಕು. ಎದೆಹಾಲಿಗೆ ಅದಕ್ಕಿಂತ ಒಳ್ಳೆಯದಿಲ್ಲ ಎಂಬುದು ಅವರ ತೀರ್ಪು, ಮೇಲ್ಮನವಿಗೆ ಅವಕಾಶವಿರಲಿಲ್ಲ.

೨೦೦೨ರ ಬೇಸಿಗೆಯಲ್ಲಿ ನಲ್ಲಿ ಕೈಕೊಟ್ಟಾಗ ಬೋರ್‌ವೆಲ್ ಕೊರೆಸಿದರು. ಕೊರೆದಾಗ ಬಂದ ಬೂದು ಕೆಸರು ಹಿತ್ತಲಲ್ಲಿ ಗುಡ್ಡೆ ಬಿತ್ತು. ಸಾಗಿಸಲು ಬಂದ ಕೆಲಸದವರನ್ನು ತುಳಸಮ್ಮನೇ ತಡೆದರು.

"ಬಿಡ್ರಪ್ಪಾ, ಬರೀ ಕಲ್ಲಿನ ಪುಡಿ. ಗಿಡಕ್ಕೆ ಒಳ್ಳೇದೇ."

ಪೈಪು ಜೋಡಿಸಲು ಬಳಿದ ಸೀಸ ಬೆರೆತ ಗ್ರೀಸು, ಲಾರಿಯಿಂದ ಸೋರಿದ ಆಯಿಲು ಎಲ್ಲವೂ ಅದರಲ್ಲಿ ಸೇರಿದ್ದವು. ಅದು ಅವರ ಗಮನಕ್ಕೆ ಬರಲಿಲ್ಲ. ಪಾತಿಗೆ ಹರಡಿ ಬೀಜ ಚೆಲ್ಲಿದರು. ಮಗಳು ಸುಪ್ರಜಾ ತವರಿಗೆ ಬಂದು ಹೆರುವ ಹೊತ್ತಿಗೆ ಸೊಪ್ಪು ನಳನಳಿಸುತ್ತಿತ್ತು. ಅದರ ಹಿರಿಮೆಗೊಂದು ಸರ್ಟಿಫಿಕೇಟೂ ಇರಲಿ ಎಂದು ಮಣ್ಣು, ಎಲೆ ಎರಡನ್ನೂ ಲ್ಯಾಬಿನಲ್ಲಿದ್ದ ಹಳೆಯ ಶಿಷ್ಯೆಗೆ ಕಳಿಸಿದರು.

ನಾಮಕರಣದ ಹಿಂದಿನ ದಿನ ಬೆಳಿಗ್ಗೆ ಶಿಷ್ಯೆಯ ಫೋನ್ ಬಂತು. ಮಣ್ಣಿನಲ್ಲಿ ಸೀಸವಿದೆ, ಎಲೆಯಲ್ಲೂ ಇದೆ, ಯಾರೂ ತಿನ್ನಬೇಡಿ ಎಂದಳು. ಒಳಗೆ ಬೀಗಿತ್ತಿ ವನಜಾಕ್ಷಮ್ಮ ಆ ಪಾತಿಯ ಮೊದಲ ಕೊಯ್ಲಿನ ಪಲ್ಯವನ್ನು ಸೊಸೆಯ ತಟ್ಟೆಗೆ ಬಡಿಸುತ್ತಿದ್ದರು.

ತುಳಸಮ್ಮ ಓಡಿಹೋಗಿ ತಟ್ಟೆಯನ್ನೇ ಎತ್ತಿಕೊಂಡರು.

"ಇದೇನ್ರೀ ಇದು! ಮಡೀಲಿ ಕೊಯ್ದು, ಮೂರು ನೀರಲ್ಲಿ ತೊಳೆದು ಮಾಡಿದೀನಿ," ಎಂದು ವನಜಾಕ್ಷಮ್ಮ ಸಿಡುಕಿದರು.

"ನಿಮ್ಮ ಮಡಿಗೇನೂ ಕೊರತೆ ಇಲ್ಲ. ತಪ್ಪು ನಂದು. ಆ ಬೋರ್‌ವೆಲ್ ಕೆಸರಲ್ಲಿ ಸೀಸ ಇದೆಯಂತೆ. ಬೇರು ಹೀರ್ಕೊಂಡಿದ್ದನ್ನ ತೊಳೆಯೋಕಾಗಲ್ಲ, ವಿಷ ಎಲೆ ಒಳಗೇ ಕೂತಿದೆ."

ತುಳಸಮ್ಮ ತಪ್ಪು ನಂದು ಎಂದದ್ದನ್ನು ಸುಪ್ರಜಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬೀಗಿತ್ತಿಗೆ ಮಾತ್ರ ಅವಮಾನವೇ ದೊಡ್ಡದಾಯಿತು. ಮುಖ ಊದಿಸಿಕೊಂಡು, ಮಿಕ್ಕ ಸೊಪ್ಪಿದ್ದ ಮೊರ ಹಿಡಿದು ಬಾಗಿಲಿಗೆ ಹೊರಟರು. ಅಷ್ಟರಲ್ಲಿ ಮಗು ಅತ್ತಿತು. ಸುಪ್ರಜಾ ಎತ್ತಿಕೊಂಡು ಹಾಲೂಡಿಸಲು ಕೂತಳು.

"ಗೇಟಲ್ಲಿ ಹಸು ನಿಂತಿದೆ. ಅದಾದ್ರೂ ತಿನ್ಲಿ ಬಿಡಿ," ಎಂದರು ವನಜಾಕ್ಷಮ್ಮ.

"ಬೇಡ್ರೀ! ತಿಂದ್ರೆ ಅದರ ಹಾಲಿಗೂ ಬರುತ್ತೆ," ಎಂದು ತುಳಸಮ್ಮ ಕೂಗಿದರು.

ವನಜಾಕ್ಷಮ್ಮ ಹೊಸ್ತಿಲಲ್ಲೇ ನಿಂತರು. ಹಸುವನ್ನು ನೋಡಿದರು. ತಿರುಗಿ ಸೊಸೆಯನ್ನು, ಅವಳ ಮಡಿಲಲ್ಲಿ ಚಪ್ಪರಿಸುತ್ತಿದ್ದ ಕೂಸನ್ನು ನೋಡಿದರು. ಮೊರವನ್ನು ಹಸುವಿಗೆ ಎಟುಕದಂತೆ ಒಳಗೆ ಎಳೆದುಕೊಂಡರು.

"ಗುದ್ದಲಿ ಎಲ್ಲಿದೆ ತುಳಸಮ್ಮಾ? ಆ ಮಣ್ಣು ಇವತ್ತೇ ಮನೆ ಬಿಟ್ಟು ಹೋಗ್ಲಿ."

ತುಳಸಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದರು.