ನೆತ್ತಿಗೆ ತಟ್ಟಿದ ಎಣ್ಣೆ ಹೆಬ್ಬೆರಳಿಗೆ ಇಳಿದ ದಿನ

ಈ ಫೋನಿನಲ್ಲಿ ಅಕ್ಷರ ಒತ್ತುವುದನ್ನು ನನಗೆ ಕಲಿಸಿದವಳು ನನ್ನ ಮೊಮ್ಮಗಳು. ನಾನು ಕೋಳಿ ಕಾಳು ಕುಕ್ಕಿದ ಹಾಗೆ ಕುಕ್ಕುತ್ತೇನೆ. ಅವಳ ಹೆಬ್ಬೆರಳುಗಳು ಓಡುವ ವೇಗ ಕಣ್ಣಿಗೇ ಸಿಗುವುದಿಲ್ಲ. ಆ ಹೆಬ್ಬೆರಳುಗಳಲ್ಲೇ ಅವಳು ಫೋನಿನ ಫುಟ್‌ಬಾಲ್ ಆಡುತ್ತಾಳೆ, ಟೂರ್ನಮೆಂಟಿಗೂ ಹೋಗುತ್ತಾಳೆ. ಮನೆಯಲ್ಲಿ ಆಡಿದರೆ ಹುಲಿ. ನಾಲ್ಕು ಜನ ನೋಡುತ್ತ ನಿಂತರೆ ಕೈ ತಣ್ಣಗಾಗಿ, ಬೆವೆತು, ನಡುಗಲು ಶುರು. ಮಧುಗಿರಿಯಲ್ಲಿ ಆಟ ಅರ್ಧದಲ್ಲಿರುವಾಗಲೇ ಫೋನ್ ಬೋರಲು ಹಾಕಿ ಎದ್ದು ಬಂದಿದ್ದಳು.

ಆಮೇಲೆ ಶಿರಾದಲ್ಲಿ ಇನ್ನೊಂದು ಟೂರ್ನಮೆಂಟ್ ಬಂತು.

"ಅಲ್ಲೂ ಎದ್ ಬಂದ್ರೆ ಇನ್ ಆಡಾದೇ ಬುಟ್ಬುಡ್ತೀನಿ ಅಜ್ಜಿ" ಅಂದಳು. ತಮಾಷೆಗೆ ಅಂದ ಮಾತಲ್ಲ ಅದು.

"ನಾನೂ ಬತ್ತೀನಿ ನಡಿ" ಅಂದೆ.

ಹೊರಡುವ ಬೆಳಿಗ್ಗೆ ಅವಳ ಅಂಗೈ ಮುಟ್ಟಿ ನೋಡಿದೆ, ಒದ್ದೆ. ನಮ್ಮ ಮನೆಯಲ್ಲಿ ಕಣ್ಣುರಿಗೂ ಸಿಟ್ಟಿಗೂ ಪರೀಕ್ಷೆಗೂ ಒಂದೇ ಮದ್ದು. "ಉಷ್ಣ ಆಗೈತೆ ಕಣೆ" ಎಂದು ನೆತ್ತಿಗೆ ಅಂಗೈ ತುಂಬ ಹರಳೆಣ್ಣೆ ತಟ್ಟಿದೆ.

"ಅಜ್ಜೀ, ವಾಸ್ನೆ!"

"ವಾಸ್ನೆಗೆ ಎದುರ್ಗಿರೋಳೇ ಎದ್ದೋಗ್ಲಿ ಬುಡು."

ಶಿರಾದಲ್ಲಿ ಆಟ ನಡೆದದ್ದು ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿ. ಮೇಜಿನ ಆಚೆ ಕೂತವಳು ಶಿರಾ ಪೇಟೆಯ ಹುಡುಗಿ, ತಲೆಗೆ ನೀಲಿ ದುಪಟ್ಟಾ ಸುತ್ತಿದ್ದಳು. ಮೂರರಲ್ಲಿ ಎರಡು ಗೆದ್ದವರು ಮುಂದಿನ ಸುತ್ತಿಗೆ. ಮೊದಲನೇ ಆಟ ಶುರುವಾಯಿತು. ಫ್ಯಾನಿನ ಗಾಳಿ ಅಲ್ಲಿಗೆ ಬರುತ್ತಿರಲಿಲ್ಲ. ನನ್ನ ಮೊಮ್ಮಗಳು ಹಣೆ ಒರೆಸಿಕೊಳ್ಳುತ್ತಾಳೆ, ಆಡುತ್ತಾಳೆ, ಮತ್ತೆ ಒರೆಸಿಕೊಳ್ಳುತ್ತಾಳೆ. ಅವಳು ಒಂದು ಕಡೆ ಒತ್ತಿದರೆ ಚೆಂಡು ಇನ್ನೊಂದು ಕಡೆ ಹೋಗುತ್ತಿತ್ತು. ಸೋತಳು. ಮುಖ ಸುಣ್ಣದ ಹಾಗಾಯಿತು. ಕೈ ಫೋನನ್ನು ಬೋರಲು ಹಾಕುವುದಕ್ಕೆ ಹೋಗುತ್ತಿತ್ತು. ನಾನು ಎದ್ದು ಹತ್ತಿರ ಹೋದೆ.

"ಎದೆ ಡವಡವ ಅಂತೈತೆ ಅಜ್ಜಿ. ಬೆಳ್ಳು ಜಾರ್ತೈತೆ. ನಡಿ, ಹೋಗಾನ."

ಬೆರಳು ಹಿಡಿದು ನೋಡಿದೆ. ಬೆವರಿನ ಜೊತೆ ಜಿಡ್ಡು! ನೆತ್ತಿಯ ಎಣ್ಣೆ ಹಣೆಗಿಳಿದು, ಹಣೆಯಿಂದ ಕೈಗೆ ಬಂದು, ಫೋನಿನ ಗಾಜೆಲ್ಲ ಬಳಿದುಕೊಂಡಿತ್ತು.

"ಲೇ, ಡವಡವ ಅನ್ನೋದು ನಿಂದು. ಜಾರ್ತಿರೋದು ನನ್ ಹರಳೆಣ್ಣೆ ಕಣೆ!"

ಎದುರಿನ ಹುಡುಗಿ ಕಿಸಕ್ಕನೆ ನಕ್ಕಳು. "ಅರೆ ಅಜ್ಜಿ, ಮ್ಯಾಚಿಗೆ ಕರ್ಕೊಂಡ್ ಬಂದ್ರಾ, ಬಾಣಂತಿ ಸ್ನಾನಕ್ಕಾ?"

ನನ್ನ ಮೊಮ್ಮಗಳಿಗೂ ನಗು ತಡೆಯಲಾಗಲಿಲ್ಲ. ಆ ಹುಡುಗಿ ಚೀಲದಿಂದ ಸಣ್ಣ ಪೌಡರ್ ಡಬ್ಬಿ ತೆಗೆದು ಈಚೆ ತಳ್ಳಿದಳು. "ಬೆರಳಿಗೆ ಹಚ್ಕೋ. ನಂಗೂ ಕೈ ಬೆವರ್ತದೆ."

"ನಿಂಗೂನಾ?"

"ಮತ್ತೆ? ಬೆಳಿಗ್ಗೆಯಿಂದ ಒಂದ್ ತುತ್ತು ಇಳಿದಿಲ್ಲ."

ಗೆದ್ದು ಕೂತವಳು ಆಡಿದ ಮಾತದು. ನನ್ನ ಮೊಮ್ಮಗಳು ಅವಳ ಕೈಯನ್ನೇ ನೋಡಿದಳು. ನಿಜ, ಆ ಬೆರಳುಗಳೂ ಸಣ್ಣಗೆ ನಡುಗುತ್ತಿದ್ದವು. ನಾನು ಸೆರಗಿನಲ್ಲಿ ಇವಳ ಹಣೆ, ಹೆಬ್ಬೆರಳು, ಫೋನು ಎಲ್ಲ ತಿಕ್ಕಿ ಒರೆಸಿ, ಬೆರಳಿಗೆ ಪೌಡರ್ ಹಚ್ಚಿದೆ.

"ಎದೆ ಇನ್ನೂ ಬಡ್ಕಳ್ತೈತೆ ಅಜ್ಜಿ."

"ಬಡ್ಕಳ್ಳಿ ಬುಡು. ನಿಂತೋದ್ರೆ ತಾನೆ ಹೆದ್ರ್ಕೋಬೇಕು!"

ಎರಡನೇ ಆಟ ಇವಳು ಗೆದ್ದಳು. ಮೂರನೆಯದರಲ್ಲಿ ಇಬ್ಬರೂ ಸಮಸಮ. ಕೊನೆಗೆ ಆ ಹುಡುಗಿ ಒಂದು ಗೋಲು ಹೊಡೆದಳು. ಸ್ವಲ್ಪ ಹೊತ್ತೇ ಉಳಿದಿತ್ತು. ಈಗ ಎದ್ದಾಳು, ಈಗ ಎದ್ದಾಳು ಎಂದು ನನಗೇ ಕೈ ತಣ್ಣಗಾಯಿತು. ಏಳಲಿಲ್ಲ. ಸೀಟಿ ಊದುವ ತನಕ ಬಗ್ಗಿದ ತಲೆ ಎತ್ತದೆ ಆಡಿದಳು. ಸೋತು, ಡಬ್ಬಿ ವಾಪಸ್ ಕೊಟ್ಟು, ಆ ಹುಡುಗಿಯ ನಂಬರ್ ಈಸಿಕೊಂಡಳು.

ಆ ಹುಡುಗಿ ಡಬ್ಬಿಯನ್ನು ಚೀಲದಲ್ಲೇ ಇಟ್ಟುಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಸುಲಭವಾಗಿ ಗೆಲ್ಲುತ್ತಿದ್ದಳು. ಪೌಡರ್ ಕೊಟ್ಟದ್ದಕ್ಕಿಂತ, ತನಗೂ ಭಯ ಎಂದು ಬಾಯಿಬಿಟ್ಟು ಹೇಳಿದ್ದು ದೊಡ್ಡದು. ಅವಳ ಹೊಟ್ಟೆ ತಣ್ಣಗಿರಲಿ.

ಬಸ್ಸಿನಲ್ಲಿ ಮೊಮ್ಮಗಳು ಫೋನ್ ಒತ್ತುತ್ತಲೇ ಹೇಳಿದಳು: "ಪಾವಗಡದಲ್ಲಿ ಒಂದೈತಂತೆ. ಹೆಸ್ರು ಕೊಟ್ಬುಟ್ಟೆ."

"ಸೋತ್ಮೇಲೂ?"

"ಕೂತ್ಕಂಡ್ ಸೋತೆ ಕಣಜ್ಜಿ. ಎದ್ದೋಗಿ ಅಲ್ಲ."