ದಾರ ಬಿಚ್ಚದ ಡಬ್ಬಿಗಳು

ಬೀದಿಯ ಜನ ಅವಳನ್ನು ಡಬ್ಬಿಯಕ್ಕ ಎಂದೇ ಕರೆಯುತ್ತಿದ್ದರು. ಒಂಬತ್ತು ವರ್ಷಗಳಿಂದ ಅವಳ ಕೆಲಸ ಒಂದೇ. ಎರಡು ವಾರ ದಾಟಿ ಕೆಮ್ಮುವವರ ಮನೆಗೆ ಬೆಳಿಗ್ಗೆ ಹೋಗಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಫ ಹಿಡಿದು, ಕ್ಷಯದ ಪರೀಕ್ಷೆಗೆ ಆಸ್ಪತ್ರೆಯ ಲ್ಯಾಬಿಗೆ ಮುಟ್ಟಿಸುವುದು. “ಎಂಜಲು ಬೇಡ, ಒಳಗಿನ ಮಾಲು ಬರಲಿ” ಎಂದು ಗದರಿಸುವಳು. ಮುದುಕರು ನಗುವರು, ನಕ್ಕರೆ ಕೆಮ್ಮು ಹತ್ತುವುದು, ಬೇಕಾದ್ದು ತಾನೇ ಬರುವುದು.

ಡಬ್ಬಿಯ ಮುಚ್ಚಳಗಳು ದಂಡ. ಬಸ್ಸು ಕುಲುಕಿದರೆ ಸೋರುತ್ತಿದ್ದವು. ಕಂಡಕ್ಟರ್ ಒಮ್ಮೆ ನಡುದಾರಿಯಲ್ಲೇ ಇಳಿಸಿದ ಮೇಲೆ ಅವಳು ಪ್ರತಿ ಡಬ್ಬಿಗೂ ಕೆಂಪು ಹೊಲಿಗೆ ದಾರ ಬಿಗಿದು ಸುತ್ತಿ, ಕತ್ತರಿಸದೆ ಬಿಚ್ಚಲಾಗದ ಗಂಟು ಹಾಕುತ್ತಿದ್ದಳು.

ಲ್ಯಾಬಿನ ಮೆಷಿನ್ ಯಾರ ಧರ್ಮದಿಂದಲೂ ಬಂದದ್ದಲ್ಲ. ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು, ಎಷ್ಟೋ ಜನರ ರೋಗ ಕಣ್ಣಿಗೇ ಬೀಳುತ್ತಿರಲಿಲ್ಲ. ರೋಗಾಣುವಿನ ವಂಶವಾಹಿಯನ್ನೇ ಹುಡುಕಿ, ಮುಖ್ಯ ಮಾತ್ರೆಗೆ ಅದು ಬಗ್ಗುತ್ತದೋ ಇಲ್ಲವೋ ಎಂದು ಎರಡು ತಾಸಿನಲ್ಲಿ ಹೇಳುವ ಮೆಷಿನ್ ಬೇಕೆಂದು ಬೀದಿಯವರೆಲ್ಲ ಆಸ್ಪತ್ರೆ ಗೇಟಿನಲ್ಲಿ ಮೂವತ್ತೆಂಟು ದಿನ ಕೂತಿದ್ದರು. ಘೋಷಣೆ ಕೂಗಿ ಗಂಟಲು ಹರಿದುಕೊಂಡವನು ಅಲ್ಲಿ ಪರೀಕ್ಷೆ ಮಾಡುವ ಲ್ಯಾಬಿನವನೇ. ಲಾಠಿ ಬಿದ್ದು ಒಡೆದ ಅವನ ತಲೆಗೆ ಅವಳು ತನ್ನ ಟವೆಲು ಕಟ್ಟಿದ್ದಳು. ಅಂದಿನಿಂದ ಅವನಿಗೆ ಅವಳು ಸ್ವಂತ ಅಕ್ಕನಿಗಿಂತ ಹೆಚ್ಚು.

ಹೊಲಿಗೆ ಕಾರ್ಖಾನೆಗೆ ಹೋಗುವ ಅವಳ ತಂಗಿಗೆ ಕೆಮ್ಮು ಶುರುವಾದಾಗ ಮನೆಯಲ್ಲಿ ಕೆಂಪು ದಾರ ಮುಗಿದಿತ್ತು. ತಂಗಿಯ ಪೆಟ್ಟಿಗೆಯಿಂದಲೇ ಹಸಿರು ದಾರ ತೆಗೆದು ಸುತ್ತಿದಳು. ನಾಲ್ಕನೇ ದಿನ ರಿಪೋರ್ಟ್ ಬಂತು: ನೆಗೆಟಿವ್. “ಬಟ್ಟೆ ಧೂಳು ಕಣೇ. ಮಗೂನ ದೂರ ಮಲಗಿಸಿ ಯಾಕೆ ಅಳಿಸ್ತೀಯ?” ಎಂದಳು. ತಂಗಿ ಅಂದೇ ಮಗಳನ್ನು ಮಗ್ಗುಲಿಗೆ ಎಳೆದುಕೊಂಡಳು. ಎರಡು ತಿಂಗಳಲ್ಲಿ ತಂಗಿ ಮೂಳೆ ಎಣಿಸುವಂತಾದಳು.

ಒಂದು ಸೋಮವಾರ ಲ್ಯಾಬಿನಲ್ಲಿ ಡಬ್ಬಿಗಳನ್ನಿಟ್ಟು ಹೊರಟ ಡಬ್ಬಿಯಕ್ಕ, ಡಬ್ಬಿ ತರುವ ಐಸಿನ ಚೀಲ ಮರೆತು ಹಿಂದಿರುಗಿದಳು. ಆಸ್ಪತ್ರೆಯ ಕಸ ಸುಡುವ ಒಲೆ ಕೆಟ್ಟು ತಿಂಗಳುಗಳಾಗಿದ್ದವು. ಸುಡಬೇಕಾದ ಕಸದ ಹಳದಿ ಬಕೆಟ್‌ಗಳು ಗೋಡೆಗೆ ಸಾಲಾಗಿ ನಿಂತಿದ್ದವು. ಒಂದರ ಮುಚ್ಚಳ ಒಡೆದಿತ್ತು. ಒಳಗೆ ಕೆಂಪು ದಾರ, ಕೆಂಪು ದಾರ, ನಡುವೆ ಒಂದು ಹಸಿರು. ಒಂದು ಗಂಟಿಗೂ ಕತ್ತರಿ ತಾಗಿರಲಿಲ್ಲ.

“ಅಕ್ಕಾ, ಮುಟ್ಬೇಡ, ಸೋಂಕು” ಎಂದ ಲ್ಯಾಬಿನವನು.

“ಒಂಬತ್ತು ವರ್ಷದಿಂದ ಇದನ್ನೇ ಮುಟ್ತಾ ಇದೀನಿ. ದಾರ ಬಿಚ್ಚದೆ ಒಳಗಿರೋದನ್ನ ಹೆಂಗೋ ನೋಡ್ದೆ? ದಿವ್ಯದೃಷ್ಟಿನಾ?”

ಅವನು ಬಾಗಿಲು ಹಾಕಿದ. “ಕಫ ತುಂಬಿ ಮೆಷಿನ್‌ಗೆ ಹಾಕೋ ಕಾರ್ಟ್ರಿಜ್ ಬರೋದು ನಿಂತು ಮೂರು ತಿಂಗಳಾಯ್ತು. ಒಬ್ಬರಿಗೆ ಒಂದು ಬೇಕು, ತೊಳೆದು ಬಳಸೋ ಹಂಗಿಲ್ಲ. ಪರೀಕ್ಷೆ ಕಮ್ಮಿ ತೋರಿಸಿದ್ರೆ ಮೆಷಿನ್ ಬೇರೆ ಊರಿಗೆ ಎತ್ಕೊಂಡು ಹೋಗ್ತೀವಿ ಅಂದ್ರು ಮೇಲಿನವರು. ನಾವು ಹೊಡೆಸ್ಕೊಂಡು ತಂದ ಮೆಷಿನ್ನು ಅಕ್ಕಾ.”

“ಅದಕ್ಕೆ ಎಲ್ಲರಿಗೂ ನೆಗೆಟಿವ್ ಗೀಚಿದ್ಯಾ?”

“ಪಾಸಿಟಿವ್ ಅಂದ್ರೆ ಮಾತ್ರೆ ಕೊಡ್ಬೇಕು, ತನಿಖೆ ಆಗುತ್ತೆ. ನೆಗೆಟಿವ್ ಅಂದ್ರೆ ಯಾರೂ ತಿರುಗಿ ಕೇಳಲ್ಲ.”

“ನನಗೊಂದು ಮಾತು ಹೇಳಿದ್ರೆ ಮತ್ತೆ ಗೇಟಲ್ಲಿ ಕೂರ್ತಿದ್ವಲ್ಲೋ.”

“ನೀನು ಸುಮ್ನಿರೋಳಲ್ಲ ಅಂತಾನೇ ಹೇಳ್ಲಿಲ್ಲ.”

ಲಾಠಿ ಏಟಿನ ಗುರುತು ಅವನ ಹಣೆಯಂಚಿನಲ್ಲಿ ಇನ್ನೂ ಇತ್ತು. ಅವಳು ಅದನ್ನೇ ನೋಡುತ್ತ ನಿಂತಳು. ಆಮೇಲೆ ಬೀರು ತೆರೆಸಿದಳು. ಅಧಿಕಾರಿಗಳು ನೋಡಲು ಬಂದರೆ ಇರಲಿ ಎಂದು ಅವನು ಅಡಗಿಸಿಟ್ಟ ಒಂದೇ ಒಂದು ಕಾರ್ಟ್ರಿಜ್ ಅಲ್ಲಿತ್ತು. ಬಕೆಟ್‌ಗಳಲ್ಲಿ ದಾರ ಬಿಚ್ಚದ ಡಬ್ಬಿ ಮೂವತ್ತೊಂದು. ಯಾರಿಗೆ ಎಂದು ಅವಳು ಯೋಚಿಸಲಿಲ್ಲ. ತಂಗಿಯನ್ನು ಆಟೋದಲ್ಲಿ ಕರೆತಂದು ಹೊಸದಾಗಿ ಕೆಮ್ಮಿಸಿ, ಮೆಷಿನ್ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. ಎರಡು ತಾಸು ಅಲ್ಲಿಂದ ಏಳಲಿಲ್ಲ.

ರೋಗ ಇತ್ತು. ಮುಖ್ಯ ಮಾತ್ರೆಗೆ ಬಗ್ಗದ ಜಾತಿಯದು.

“ಹೊರಗೆ ಹೇಳ್ಬೇಡ ಅಕ್ಕಾ, ಮೆಷಿನ್ ಹೋಗುತ್ತೆ.”

“ಹೋಗ್ಲಿ ಬಿಡು. ಸುಳ್ಳು ಹೇಳೋಕೆ ಮೆಷಿನ್ ಯಾಕೆ, ನಿನ್ನ ಬಾಯಿ ಸಾಕಲ್ಲ. ಇನ್ನೊಂದ್ಸಲ ಅಕ್ಕ ಅಂದ್ರೆ ನೋಡು.”

ಹೊರಗಿನ ಬೆಂಚಿನಲ್ಲಿ ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ. “ಪಾಪು ನನ್ನ ಮಗ್ಗುಲಲ್ಲೇ ಮಲಗ್ತಾಳೆ. ನೀನೇ ಹೇಳಿದ್ದೆ” ಎಂದಳು.

“ಹೌದು. ನಾನೇ ಹೇಳಿದ್ದೆ.”

ಮರುದಿನ ಬೆಳಿಗ್ಗೆ ಮೊದಲು ಹೋದದ್ದು ಗಾರೆಯವನ ಮನೆಗೆ. ಅವಳ ಹೆಜ್ಜೆ ಸದ್ದಿಗೇ ಅವನು ಬಾಯಿ ಮುಕ್ಕಳಿಸಿ ಬಾಗಿಲಿಗೆ ಬಂದ. “ಎಲ್ಲಕ್ಕಾ ಡಬ್ಬಿ? ಇವತ್ತು ಒಳ್ಳೇ ಮಾಲಿದೆ.”

“ಡಬ್ಬಿ ಇಲ್ಲ. ಹೋದ ತಿಂಗಳು ನಾನು ತಂದುಕೊಟ್ಟ ರಿಪೋರ್ಟು ಸುಳ್ಳು. ನಿನ್ನ ಕಫ ಯಾರೂ ನೋಡೇ ಇಲ್ಲ. ಗೇಟಲ್ಲಿ ಕೂರ್ತೀನಿ, ನೀನೂ ಬಾ.”

ಗಾರೆಯವನು ಅವಳ ಮುಖವನ್ನೇ ನೋಡಿದ. ಅವಳು ನಿನ್ನೆ ಲ್ಯಾಬಿನವನನ್ನು ನೋಡಿದ ಹಾಗೆಯೇ. ಆಮೇಲೆ ಬಾಗಿಲು ಹಾಕಿಕೊಂಡ. ಒಳಗಿಂದ ಕೆಮ್ಮು ಕೇಳಿಸುತ್ತಿತ್ತು.

ಅವಳು ಪಕ್ಕದ ಮನೆಯ ಬಾಗಿಲು ತಟ್ಟಿದಳು. ಇನ್ನೂ ಇಪ್ಪತ್ತೊಂಬತ್ತಿದ್ದವು.